ಸುಶೀಲಾನ್ನ ಕರಕೊಂಡು ಬರಲಿಕ್ಕೆ ಮಸ್ಕತ್ತಿಗೆ ಹೋದದ್ದು

ಮಸ್ಕತ್ತಿನಲ್ಲಿ ಏನೇನು ನೋಡಿದಿ ಎಂದು ಎಲ್ಲರೂ ಕೇಳುತ್ತಾರೆ. ಸಮುದ್ರ ನೋಡಿದೆ, ಕಾರಿನ ಕಿಟಕಿಯಿಂದ, ಒಂದೇ ಸಲ. ದೊಡ್ಡ ಮಸೀದಿ ನೋಡಿದೆ, ಅದೂ ಕಾರಿನಿಂದಲೇ. ಉಳಿದ ದಿನವೆಲ್ಲ ಒಂದು ಮನೆಯ ಹಿಂದಿನ ಖೋಲಿ ನೋಡಿದೆ. ಆ ಖೋಲಿಯೇ ನನ್ನ ಪ್ರವಾಸ. ಬೇರೆ ಬೇಕಾದವರು ಬೇರೆಯವರನ್ನು ಕೇಳಿರಿ.

ನಾನು ರಾಹೇಲಮ್ಮ, ಶಹಾಬಾದಿನವಳು. ವಯಸ್ಸು ಪಾಸ್‌ಪೋರ್ಟಿನಲ್ಲಿ ಅರವತ್ತೇಳು, ಖರೇ ಎಷ್ಟೋ ದೇವರಿಗೆ ಗೊತ್ತು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಚರ್ಚಿನ ಸ್ತ್ರೀ ಸಂಘದಲ್ಲಿ, ಬೈಬಲ್ ಓದಲಿಕ್ಕೆ. ನಾನು ಬರೆದದ್ದರಲ್ಲಿ ಒತ್ತಕ್ಷರ ತಪ್ಪಿದ್ದನ್ನು ಪಾಸ್ಟರಮ್ಮನವರು ತಿದ್ದಿದ್ದಾರೆ. ಮಾತು ತಿದ್ದಬೇಡಿರಿ ಎಂದು ಹೇಳಿದ್ದೇನೆ.

ವಾಡಿ ಸ್ಟೇಷನ್

ಹೈದರಾಬಾದಿಗೆ ಹೋಗುವ ಗಾಡಿ ಹತ್ತಿಸಲಿಕ್ಕೆ ಸಂಘದ ಹೆಂಗಸರು ವಾಡಿ ತನಕ ಬಂದಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಸುತ್ತ ನಿಂತು ಹಾಡಿದರು. ಚಹಾ ಮಾರುವವನು ಹಾಡು ಮುಗಿಯಲಿ ಎಂದು ಕೆಟಲ್ ಕೆಳಗಿಟ್ಟು ಕಾದ. ಪ್ರಾರ್ಥನೆ ಅರ್ಧ ಆಗುವುದರಲ್ಲಿ ಗಾಡಿ ಬಂತು. ಆಮೆನ್ ಅನ್ನದೆಯೇ ಚೀಲ ಒಳಗೆ ಒಗೆದರು, ನನ್ನನ್ನೂ ಒಗೆದ ಹಾಗೆಯೇ ಹತ್ತಿಸಿದರು. ಸಂಘದ ಹಿರಿಯಳು ಸತ್ಯಮ್ಮ ಕಿಟಕಿ ಸರಳು ಹಿಡಿದುಕೊಂಡು ಒಂದೇ ಮಾತು ಅಂದಳು.

‘ನಿನ್ನ ಬಾಯಿಂದ ಹೋದಾಕಿ ಅದಾಳ. ನಿನ್ನ ಕೈಯಿಂದ ಬರ್ಲಿ.’

ಅವಳು ಅಂದದ್ದು ಸುಶೀಲಾನ ಸಲುವಾಗಿ. ಸುಶೀಲಾ ಯಾರು ಎಂದು ಹೇಳಬೇಕು.

ನಾನೂ ಅವಳೂ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಜೋಡಿ. ದೊಡ್ಡ ಫರಸಿ ಕಲ್ಲು ಒಬ್ಬರಿಂದ ಏಳುವುದಿಲ್ಲ. ಇಬ್ಬರು ಹೆಂಗಸರು ತಲೆ ಮೇಲೆ ಸಿಂಬಿ ಇಟ್ಟುಕೊಂಡು ಹಿಂದೆ ಮುಂದೆ ನಿಂತು ಹೊರಬೇಕು. ಹಿಂದಿನವಳಿಗೆ ದಾರಿ ಕಾಣುವುದಿಲ್ಲ. ಮುಂದಿನವಳು ‘ತಗ್ಗು’, ‘ಎಡಕ್ಕ’, ‘ನಿಲ್ಲು’ ಎಂದು ಕೂಗಬೇಕು, ಹಿಂದಿನವಳು ನಂಬಿ ಕಾಲಿಡಬೇಕು. ನಾನು ಮುಂದೆ, ಅವಳು ಹಿಂದೆ. ಹನ್ನೆರಡು ವರ್ಷ ಹಾಗೆ ನಡೆದೆವು. ಒಂದು ಸಲವೂ ನಾನು ಅವಳನ್ನು ಬೀಳಿಸಲಿಲ್ಲ. ಬೀಳಿಸಿದ್ದು ಚರ್ಚಿನಲ್ಲಿ.

ನಮ್ಮ ಚರ್ಚಿನಲ್ಲಿ ಭಾನುವಾರ ಸಾಕ್ಷಿ ಹೇಳುವ ಪದ್ಧತಿ ಇದೆ. ಆ ವಾರ ದೇವರು ಏನು ಉಪಕಾರ ಮಾಡಿದ ಎಂದು ಎದ್ದು ನಿಂತು ಹೇಳಿ, ಕಡೆಗೆ ‘ಸ್ತೋತ್ರ’ ಅನ್ನಬೇಕು. ಕೂತವರೂ ಸ್ತೋತ್ರ ಅನ್ನುತ್ತಾರೆ. ಜ್ವರ ಬಿಟ್ಟಿತು, ಸ್ತೋತ್ರ. ಎಮ್ಮೆ ಈಯಿತು, ಸ್ತೋತ್ರ. ಸುಶೀಲಾಗೆ ಒಬ್ಬಳೇ ಮಗಳು. ಸುಶೀಲಾನ ಹೆಸರು ಬರೆಯಲಿಕ್ಕೆ ಅವಳೇ ಹೂಂ ಅಂದಿದ್ದಾಳೆ. ಮಗಳ ಹೆಸರು ಬರೆಯಲೇನು ಎಂದು ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ, ಬರೆಯುವುದಿಲ್ಲ. ಹುಡುಗಿಯ ಮದುವೆ ಮಾತು ಚಿಂಚೋಳಿಯಲ್ಲಿ ಗಟ್ಟಿಯಾಗಿತ್ತು. ಅಷ್ಟರಲ್ಲಿ ಅವಳು ಒಬ್ಬ ಹುಡುಗನ ಸಂಗಡ ಸೇಡಂ ಕಡೆ ಹೋದಳು. ಅಲ್ಲಿನ ಸಿಮೆಂಟ್ ಫ್ಯಾಕ್ಟರಿ ಕಾಲೊನಿ ಆದಿತ್ಯನಗರದಲ್ಲಿ ಅವನ ಗೆಳೆಯರ ಮನೆಯಲ್ಲಿ ಇದ್ದು, ಮೂರನೇ ದಿನ ತಾನೇ ತಿರುಗಿ ಬಂದಳು. ಸುಶೀಲಾ ಅದನ್ನು ನನಗೊಬ್ಬಳಿಗೇ ಹೇಳಿದಳು, ಖಣಿಯಲ್ಲಿ ರೊಟ್ಟಿ ತಿನ್ನುವಾಗ.

‘ಅಕ್ಕಾ, ನಿನ್ನ ಹೊಟ್ಯಾಗ ಇರ್ಲಿ,’ ಅಂದಳು.

ಆ ಭಾನುವಾರ ನಾನು ಎದ್ದು ನಿಂತೆ. ಕಳೆದುಹೋದ ಮಗಳನ್ನು ಕರ್ತನು ಮೂರು ದಿನದಲ್ಲಿ ತಂದುಕೊಟ್ಟ ಎಂದೆ. ಹೆಸರು ಹೇಳಿದೆ. ಯಾವ ಊರು ಎಂದೂ ಹೇಳಿದೆ. ಮುಂದಿನ ಸಾಲಿನಲ್ಲಿ ಚಿಂಚೋಳಿಯ ಬೀಗರಾಗುವವರು ಕೂತಿದ್ದರು, ದಿನ ಗೊತ್ತು ಮಾಡಲಿಕ್ಕೆ ಬಂದವರು. ನನಗೆ ಕಂಡಿದ್ದರು. ಕಂಡರೂ ಹೇಳಿದೆ. ಪ್ರೀತಿಯಿಂದ ಹೇಳಿದೆ ಎಂದು ಭಾಳ ವರ್ಷ ಅಂದುಕೊಂಡೆ. ಈಗ ಅನ್ನುವುದಿಲ್ಲ. ಉಳಿದವರದೆಲ್ಲ ಜ್ವರ, ಎಮ್ಮೆ. ನನ್ನ ಸಾಕ್ಷಿ ದೊಡ್ಡದಾಗಲಿ ಎಂಬ ಆಸೆ ಇತ್ತು. ಎಲ್ಲರೂ ಸ್ತೋತ್ರ ಎಂದರು. ಬೀಗರೂ ಎಂದರು. ಪ್ರಾರ್ಥನೆ ಮುಗಿದ ಮೇಲೆ ಚಹಾ ಸಹ ಕುಡಿಯದೆ ಹೋದರು.

ತಿಂಗಳಾಗುವುದರಲ್ಲಿ ಹುಡುಗಿ ಇದೇ ವಾಡಿ ಸ್ಟೇಷನ್ನಿಗೆ ಬಂದದ್ದನ್ನು ಯಾರೋ ನೋಡಿದರು. ವಾಡಿಯಿಂದ ಮೂರು ದಿಕ್ಕಿಗೆ ಗಾಡಿ. ಮುಂಬೈ ಕಡೆ ಹೋದಳೋ, ಹೈದರಾಬಾದ್ ಕಡೆಯೋ, ಗುಂತಕಲ್ ಕಡೆಯೋ, ಇವತ್ತಿನ ತನಕ ಸುದ್ದಿ ಇಲ್ಲ. ಮರುವರ್ಷ ಸುಶೀಲಾ ಮನೆಗೆಲಸಕ್ಕೆ ಎಂದು ಮಸ್ಕತ್ತಿಗೆ ಹೋದಳು. ನನಗೆ ಹೇಳಿ ಹೋಗಲಿಲ್ಲ. ಹದಿನೇಳು ವರ್ಷ ಒಂದೇ ಮನೆಯಲ್ಲಿ ಇದ್ದಳು, ಒಂದು ಸಲವೂ ಊರಿಗೆ ಬರಲಿಲ್ಲ.

ಈ ವರ್ಷ ಆ ಮನೆಯ ಮಗ ನಮ್ಮ ಪಾಸ್ಟರಿಗೆ ಫೋನ್ ಮಾಡಿದ. ಅವಳಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿದೆ, ಎಡಗಡೆ ಬಿದ್ದಿದೆ, ಅವಳ ಮಂದಿ ಯಾರಾದರೂ ಬಂದು ಕರಕೊಂಡು ಹೋಗಲಿ, ವೀಸಾ ಟಿಕೆಟು ನಾವು ಕಳಿಸುತ್ತೇವೆ ಎಂದ. ತೆಂಗಳಿಯಲ್ಲಿ ಅವಳ ತಮ್ಮ ಇದ್ದಾನೆ. ಕೇಳಿದರೆ, ‘ನಮ್ಮ ಮನ್ಯಾಗ ಜಾಗಾ ಎಲ್ಲದರೀ,’ ಎಂದ. ಸಂಘದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಹೋಗುತ್ತೇನೆ ಎಂದೆ. ಹೋಗುವುದಕ್ಕೆ ಒಂದು ಟಿಕೆಟು, ಬರುವುದಕ್ಕೆ ಎರಡು ಬಂದವು.

ಗಾಡಿ, ವಿಮಾನ

ಚಿತ್ತಾಪುರ ದಾಟಿತು, ಸೇಡಂ ಬಂತು. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಂಡಾಗ ನಾನು ಅತ್ತ ನೋಡದೆ ಮುಖ ತಿರುಗಿಸಿ ಕುಂತೆ. ಎದುರಿನ ಹೆಂಗಸು ‘ಬಿಸಲು ಬಡೀಲಿಕತ್ತದೇನ್ರಿ?’ ಎಂದಳು. ಹೂಂ ಎಂದೆ.

ವಿಮಾನದ ಬಗ್ಗೆ ಹೇಳುವಂಥದ್ದು ಕಡಿಮೆ. ನಡುವಿಗೆ ಪಟ್ಟಾ ಕಟ್ಟುತ್ತಾರೆ, ಎತ್ತಿಗೆ ಕಟ್ಟಿದ ಹಾಗೆ. ಪಾಯಖಾನೆಯ ಬಾಗಿಲು ಎಳೆದರೆ ಬರುವುದಿಲ್ಲ, ನಡುವೆ ಒತ್ತಿದರೆ ಮಡಚಿಕೊಳ್ಳುತ್ತದೆ. ನಾನು ಎಳೆದು ಎಳೆದು ಸಾಕಾಗಿ ತಿರುಗಿ ಬಂದು ಕುಂತೆ, ಇಳಿಯುವ ತನಕ ತಡೆದುಕೊಂಡೆ. ಬಾಜೂಕೆ ಕಡಪಾ ಕಡೆಯ ಒಬ್ಬಳು ತರುಣಿ, ಮೊದಲ ಸಲ ಮನೆಗೆಲಸಕ್ಕೆ ಹೊರಟವಳು. ಅಳುತ್ತಿದ್ದಳು. ಚಿಂಚೋಳಿ, ಸೇಡಂ ಗಡಿಯ ಮಂದಿಗೆ ತೆಲುಗು ಬರುತ್ತದೆ, ನನಗೂ ಮುರುಕಲು ಬರುತ್ತದೆ. ಅಲ್ಲಿ ಹ್ಯಾಂಗ ಇರ್ತದಮ್ಮ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ದೇವರು ಇದ್ದಾನೆ ಅನ್ನಬಹುದಿತ್ತು. ನಮ್ಮ ಮಂದಿ ಅನ್ನುತ್ತಾರೆ. ನನಗೆ ಬಾಯಿಗೆ ಬರಲಿಲ್ಲ.

ಮಸ್ಕತ್, ತಪಾಸಣೆಯ ಮೇಜು

ನನ್ನ ಚೀಲದಲ್ಲಿ ಐವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಜೋಳದ ಹಿಟ್ಟು. ಸುಶೀಲಾ ಹದಿನೇಳು ವರ್ಷ ಜೋಳದ ರೊಟ್ಟಿ ಕಂಡಿರಲಿಕ್ಕಿಲ್ಲ ಎಂದು ಸಂಘದವರು ಬಡಿದು ಕಟ್ಟಿದ್ದರು. ಅಲ್ಲಿನ ಪೊಲೀಸ ಒಂದು ರೊಟ್ಟಿ ತೆಗೆದು ಬೆರಳಿನಿಂದ ಬಡಿದ. ಟಣ್ ಎಂದಿತು. ಬೆಳಕಿಗೆ ಹಿಡಿದ. ಇನ್ನೊಬ್ಬನನ್ನು ಕರೆದ. ಅವನೂ ಬಡಿದ.

‘ಕ್ಯಾ ಹೈ? ಪತ್ಥರ್?’ ಎಂದ.

ಶಹಾಬಾದಿನವಳ ಚೀಲದಲ್ಲಿ ಕಲ್ಲು ಇರುವುದು ಸಹಜವೇ, ಆದರೆ ಇದು ಕಲ್ಲಲ್ಲ ಎಂದು ನನ್ನ ಉರ್ದುವಿನಲ್ಲಿ ಹೇಳಿದೆ. ನಂಬಲಿಲ್ಲ. ನಾನೇ ಒಂದು ಮುರಿದು ಹಿಂಡಿ ಹಚ್ಚಿ ಕೊಟ್ಟೆ. ಇಬ್ಬರೂ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಹೋಗು ಹೋಗು ಎಂದು ಕೈ ಮಾಡಿದರು. ಆ ಪ್ರವಾಸದಲ್ಲಿ ನಾನು ನಕ್ಕದ್ದು ಅಲ್ಲಿ ಒಮ್ಮೆ, ಆಮೇಲೆ ಒಮ್ಮೆ.

ಹೊರಗೆ ಮನೆಯ ಮಗ ಸಾಲಿಂ ನಿಂತಿದ್ದ. ಬಿಳಿ ಉದ್ದ ಅಂಗಿ, ಕಸೂತಿ ಟೋಪಿ. ಹಿಂದಿ ಚಲೋ ಮಾತಾಡುತ್ತಾನೆ. ನನ್ನ ಚೀಲ ತಾನೇ ಹೊತ್ತ. ದಾರಿಯುದ್ದಕ್ಕೂ ಬೋಳು ಗುಡ್ಡ, ಒಂದು ಹುಲ್ಲಿಲ್ಲ. ಇಡೀ ದೇಶವೇ ಒಂದು ಖಣಿ, ಕಲ್ಲು ಎತ್ತುವವರು ಮಾತ್ರ ಬಂದಿಲ್ಲ ಅನ್ನಿಸಿತು. ‘ನಮ್ಮಮ್ಮನನ್ನು ಹದಿನೇಳು ವರ್ಷ ನೋಡಿಕೊಂಡಾಕೆ ಅವಳು. ನಾವು ಹೊರಗೆ ಹಾಕುತ್ತಿಲ್ಲ ಮಾಂಜೀ. ಆದರೆ ಕಡೆಗಾಲಕ್ಕೆ ತನ್ನವರ ನಡುವೆ ಇರಲಿ,’ ಎಂದ. ತನ್ನವರು ಎಂದಾಗ ನನ್ನ ಕಡೆ ನೋಡಿದ. ನಾನು ಗುಡ್ಡ ನೋಡಿದೆ.

ಹಿಂದಿನ ಖೋಲಿ

ಮನೆಯ ಹಿಂದೆ ಅಡುಗೆಮನೆ ದಾಟಿದರೆ ಅವಳ ಖೋಲಿ. ಮಂಚ, ಕಪಾಟು, ತಣ್ಣನೆ ಗಾಳಿಯ ಮಷೀನು. ಗೋಡೆಗೆ ಒಂದು ಶಿಲುಬೆ ಇದೆ, ಸಣ್ಣದು. ಅದನ್ನು ಯಾರೂ ತೆಗೆಸಿಲ್ಲ. ಸುಶೀಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಲ್ಲು ಹೊತ್ತ ಮೈ ಅದು. ಎಂಟು ತಿಂಗಳಲ್ಲಿ ಚೀಲ ಖಾಲಿಯಾದ ಹಾಗೆ ಆಗಿತ್ತು. ಬಾಯಿ ಎಡಕ್ಕೆ ಜಾರಿತ್ತು. ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ನನಗೆ ಎಲ್ಲವೂ ತಿಳಿಯಿತು.

‘ಯಾಕ ಬಂದಿ?’

‘ನಿನ್ನ ಕರಕೊಂಡು ಹೋಗ್ಲಿಕ್ಕ.’

‘ಎಲ್ಲಿಗಿ?’

‘ಶಹಾಬಾದಿಗಿ. ಮನಿಗಿ.’

‘ಅಲ್ಲಿ ಯಾರ್ ಅದಾರ?’

‘ನಾ ಅದೀನಲ್ಲ.’

‘ಅದಕ್ಕೇ ಬರಂಗಿಲ್ಲ,’ ಎಂದಳು.

ಮೊದಲು ಅಕ್ಕಾ ಅನ್ನುತ್ತಿದ್ದಳು. ಆ ದಿನದಿಂದ ಬರುವ ತನಕ ಒಂದು ಸಲವೂ ಅನ್ನಲಿಲ್ಲ. ಅನ್ನಲಿ ಎಂದು ಕಾದೆ, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ನಾನು ಅವಳ ಮೈ ತೊಳೆದೆ, ಹಾಸಿಗೆ ಬದಲಿಸಿದೆ, ಹೊರಳಿಸಿದೆ. ಬೇಡ ಅನ್ನಲಿಲ್ಲ. ಗೋಡೆ ನೋಡುತ್ತ ತೊಳೆಸಿಕೊಂಡಳು, ಆಸ್ಪತ್ರೆಯ ಆಯಾ ತೊಳೆದ ಹಾಗೆ. ನಾನು ಹೇಳಬೇಕಾದ್ದನ್ನು ವಾಡಿಯಿಂದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೇಳಲಿಕ್ಕೆ ಬಾಯಿ ತೆಗೆದಾಗೆಲ್ಲ ಅವಳು ನೀರು ಕೇಳುತ್ತಿದ್ದಳು.

ನಾಲ್ಕನೇ ದಿನ ತಡೆಯಲಾಗದೆ ಒಂದು ಉಪಾಯ ಹೇಳಿದೆ. ‘ಸುಶೀ, ಮಗಳನ್ನ ಹುಡುಕಸೋಣ. ನಾ ಎಲ್ಲಾ ಚರ್ಚಿನಾಗ ಹೇಳಸ್ತೀನಿ. ಬೀದರ ತನಕ, ಹೈದರಾಬಾದ ತನಕ. ಪ್ರಾರ್ಥನೆದಾಗ ಹೆಸರ ಹಿಡಿದು ಹೇಳಿದ್ರ ಯಾರರೆ ಒಬ್ಬರು ನೋಡಿದವರು...’

ಅವಳು ಈ ಕಡೆ ತಿರುಗಿದಳು. ತಾನೇ ತಿರುಗಿದ್ದು ಅದೇ ಮೊದಲು.

‘ಮತ್ತ ಎದ್ದು ನಿಂದರ್ತಿ?’ ಎಂದಳು.

ಒಳ್ಳೆಯದು ಮಾಡುತ್ತೇನೆ ಎಂದುಕೊಂಡು ಅದೇ ತಪ್ಪನ್ನು ಹದಿನೆಂಟು ವರ್ಷದ ಮೇಲೆ ಮತ್ತೆ ಮಾಡಲಿಕ್ಕೆ ಹೊರಟಿದ್ದೆ. ಅಷ್ಟೂ ಬುದ್ಧಿ ಬಂದಿರಲಿಲ್ಲ. ಹಿತ್ತಲ ಕಟ್ಟೆ ಮೇಲೆ ಹೋಗಿ ಕುಂತೆ. ಪ್ರಾರ್ಥನೆ ಮಾಡೋಣ ಎಂದರೆ ಒಂದು ಅಕ್ಷರ ಹುಟ್ಟಲಿಲ್ಲ. ಮನೆಯಲ್ಲಿದ್ದಾಗ ನಾನು ಒಲೆ ಹತ್ತಿದರೂ ಸ್ತೋತ್ರ, ಬಸ್ಸು ಸಿಕ್ಕರೂ ಸ್ತೋತ್ರ ಅನ್ನುವವಳು. ಆ ಮಾತು ನಾಲಿಗೆಯಲ್ಲಿ ಹೊಟ್ಟಿನ ಹಾಗೆ ಆಯಿತು.

ಒಂದೇ ತಾಟು

ಆ ಮನೆಯ ಯಜಮಾನಿಯನ್ನು ಕೆಲಸದವರು ಮಾಮಾ ಕಬೀರ ಅನ್ನುತ್ತಾರೆ, ದೊಡ್ಡಮ್ಮ ಎಂದು ಅರ್ಥ. ಸಾಲಿಮನ ತಾಯಿ. ಎಂಬತ್ತು ದಾಟಿದವಳು, ಕಣ್ಣು ಅರ್ಧ ಹೋಗಿದೆ, ಉರ್ದು ನನ್ನಷ್ಟೇ ಮುರುಕಲು. ದಿನಾ ಮಧ್ಯಾಹ್ನ ಗೋಡೆ ಹಿಡಿದುಕೊಂಡು ಹಿಂದಿನ ಖೋಲಿಗೆ ಬರುತ್ತಾಳೆ. ಲೋಬಾನದ ಹೊಗೆ ಹಾಕುತ್ತಾಳೆ. ಸುಶೀಲಾನ ಬಿದ್ದ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು ತಿಕ್ಕುತ್ತ ತನ್ನ ಪ್ರಾರ್ಥನೆ ಓದುತ್ತಾಳೆ. ಸುಶೀಲಾ ಕಣ್ಣು ಮುಚ್ಚುತ್ತಾಳೆ. ಒಬ್ಬಳು ಅಲ್ಲಾ ಎಂದರೆ ಇನ್ನೊಬ್ಬಳು ಕರ್ತನೇ ಅನ್ನುತ್ತಾಳೆ, ಯಾರಿಗೂ ಯಾರಿಂದಲೂ ಅಡ್ಡಿ ಇಲ್ಲ. ನಾನು ಚೊಂಬು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ, ಪರಕೀಯಳ ಹಾಗೆ.

ಊಟಕ್ಕೆ ನೆಲದ ಮೇಲೆ ಕುಂದ್ರುತ್ತಾರೆ, ನಮ್ಮ ಹಾಗೆಯೇ. ಆದರೆ ತಾಟು ಒಂದೇ, ದೊಡ್ಡದು, ಅನ್ನ ಮಾಂಸ ಗುಡ್ಡೆ ಹಾಕಿರುತ್ತದೆ. ಎಲ್ಲರೂ ಅದರಲ್ಲೇ ಕೈ ಹಾಕುತ್ತಾರೆ. ಮಾಮಾ ಕಬೀರ ನನ್ನ ಕೈ ಹಿಡಿದು ಎಳೆದು ತನ್ನ ಬಾಜೂಕೆ ಕುಂಡ್ರಿಸಿದಳು. ಮೆತ್ತನೆ ತುಂಡು ಬೆರಳಿನಿಂದ ಬಿಡಿಸಿ ನನ್ನ ಕಡೆ ನೂಕಿದಳು. ನಾನು ತಿನ್ನದೆ ಕುಂತೆ. ನಮ್ಮೂರಲ್ಲಿ ಹೋಟೆಲಿನವ ನಮಗೆ ಚಹಾ ಬೇರೆ ಗ್ಲಾಸಿನಲ್ಲಿ ಕೊಡುತ್ತಿದ್ದ ಕಾಲ ನೋಡಿದವಳು ನಾನು. ಆ ಗ್ಲಾಸು ತೊಳೆದು ಕಟ್ಟೆ ಮೇಲೆ ಬೋರಲು ಹಾಕಿ ಬಂದವಳು. ಗುರುತಿಲ್ಲದ ದೇಶದಲ್ಲಿ ಗುರುತಿಲ್ಲದ ಮುದುಕಿ ತಾಟಿನಲ್ಲಿ ಜಾಗ ಕೊಟ್ಟಳು. ನಮ್ಮ ಸುಶೀಲಾ ಹದಿನೇಳು ವರ್ಷ ಯಾಕೆ ಬರಲಿಲ್ಲ ಎಂಬುದು ಅರ್ಧ ಅಲ್ಲೇ ತಿಳಿಯಿತು. ಉಳಿದರ್ಧ ನನಗೆ ಮೊದಲೇ ಗೊತ್ತಿತ್ತು.

ಊಟ ಆದ ಮೇಲೆ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ, ಕಷಾಯ. ಬಟ್ಟಲು ಒಂದು ಗುಟುಕಿನದು. ಖಾಲಿ ಮಾಡಿದರೆ ಮತ್ತೆ ಹಾಕುತ್ತಾರೆ. ಹಾಕಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನವೆಂದು ನಾನು ಕುಡಿದೆ. ಮತ್ತೆ ಹಾಕಿದರು. ಮತ್ತೆ ಕುಡಿದೆ. ಎಷ್ಟಾಯಿತೋ, ಎದೆ ಬಡಿದುಕೊಳ್ಳಲಿಕ್ಕೆ ಹತ್ತಿತು. ಸುಶೀಲಾ ಗಾಲಿ ಕುರ್ಚಿಯಲ್ಲಿ ಕುಂತು ನೋಡುತ್ತಿದ್ದಳು.

‘ಬಟ್ಟಲಾ ಅಳ್ಳಾಡ್ಸು ಹುಚ್ಚಿ,’ ಎಂದಳು ಕಡೆಗೆ. ‘ಅಳ್ಳಾಡಿಸಿದ್ರ ಸಾಕಂತ ಅರ್ಥ.’

‘ಮೊದಲೇ ಯಾಕ ಹೇಳಲಿಲ್ಲ?’

‘ಎಷ್ಟು ಕುಡೀತಿ ನೋಡ್ಲಿಕತ್ತಿದ್ದೆ.’

ಬಾಯಿಯ ಬಲಗಡೆ ಒಂದೇ ನಕ್ಕಿತು. ನಾನೂ ನಕ್ಕೆ. ಅಂದು ಸಂಜೆ ಜೋಳದ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಕೊಟ್ಟರೆ ಎರಡು ತುತ್ತು ತಿಂದಳು. ಸರಿ ಹೋಗುತ್ತದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಗೋಡೆ ಕಡೆ ಮುಖ.

ಶುಕ್ರವಾರ

ಅಲ್ಲಿ ರಜೆ ಶುಕ್ರವಾರ. ಹಾಗಾಗಿ ನಮ್ಮ ಮಂದಿಯ ಆರಾಧನೆಯೂ ಶುಕ್ರವಾರ. ದೇವರು ವಾರ ನೋಡುವುದಿಲ್ಲ ಎಂದು ಅಂದರೂ ನನಗೆ ಶುಕ್ರವಾರ ತಲೆ ಮೇಲೆ ಸೆರಗು ಹೊದ್ದು ಬೈಬಲ್ ಹಿಡಿದಾಗ ಸುಳ್ಳು ಭಾನುವಾರ ಅನ್ನಿಸಿತು.

ದೊಡ್ಡ ಚರ್ಚು ದೂರ. ಮನೆಗೆಲಸದ ಹೆಂಗಸರಿಗೆ ಸಿಗುವ ರಜೆ ಎರಡು ಮೂರು ತಾಸು. ಅವರು ಸುವಾರ್ತಮ್ಮ ಎಂಬವಳ ಖೋಲಿಯಲ್ಲಿ ಕೂಡುತ್ತಾರೆ. ಸುವಾರ್ತಮ್ಮ ಗೋದಾವರಿ ಕಡೆಯವಳು, ಒಂದು ದವಾಖಾನೆಯಲ್ಲಿ ನೆಲ ಒರೆಸುತ್ತಾಳೆ. ಸಾಲಿಮನೇ ನಮ್ಮನ್ನು ಕಾರಿನಲ್ಲಿ ಬಿಟ್ಟ. ಸುಶೀಲಾನ ಗಾಲಿ ಕುರ್ಚಿಯನ್ನು ಮೆಟ್ಟಿಲ ಮೇಲೆ ಆರು ಹೆಂಗಸರು ಎತ್ತಿದರು. ಹತ್ತು ಹದಿನೈದು ಮಂದಿ, ತೆಲುಗಿನವರು, ತಮಿಳಿನವರು, ಸಿಂಹಳದ ಒಬ್ಬಳು. ಚಪ್ಪಲಿ ಬಾಗಿಲಲ್ಲಿ, ಫೋನು ಮಡಿಲಲ್ಲಿ. ಮನೆಯವರು ಕರೆದರೆ ಹಾಡಿನ ನಡುವೆಯೇ ಓಡಬೇಕು.

ಹಾಡಾದ ಮೇಲೆ ಸಾಕ್ಷಿ. ನಾನು ಸೆರಗು ಮುಂದಕ್ಕೆ ಎಳಕೊಂಡೆ.

ಒಬ್ಬಳು ಎದ್ದಳು. ಈ ವಾರ ಮನೆಯಲ್ಲಿ ಯಾರೂ ನನ್ನ ಮೇಲೆ ಕೂಗಲಿಲ್ಲ, ಸ್ತೋತ್ರಂ ಎಂದಳು. ಇನ್ನೊಬ್ಬಳು, ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ಕೈ ಒಣಗಿತು, ಸ್ತೋತ್ರಂ ಎಂದಳು. ಸಿಂಹಳದವಳು, ಮಗಳ ಮುಖ ಫೋನಿನಲ್ಲಿ ನೋಡಿದೆ, ಉದ್ದ ಆಗಿದ್ದಾಳೆ ಎಂದಳು. ಕೂಗಲಿಲ್ಲ ಎಂಬುದು ಉಪಕಾರವೇ? ನಾವು ಊರಲ್ಲಿ ಇದಕ್ಕೆ ಪೊಲೀಸರಿಗೆ ಹೇಳುತ್ತೇವೆ, ಇಲ್ಲವೇ ತಿರುಗಿ ಕೂಗುತ್ತೇವೆ. ಇವರು ದೇವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಇಷ್ಟೇ ಕೊಟ್ಟು ಸ್ತೋತ್ರ ಹೇಳಿಸಿಕೊಳ್ಳುತ್ತಿಯಲ್ಲ ನೀನು ಎಂದು ದೇವರ ಮೇಲೆ ಸಿಟ್ಟು ಬಂತು. ಬಂದದ್ದನ್ನು ಬರೆಯುತ್ತಿದ್ದೇನೆ, ಪಾಸ್ಟರಮ್ಮನವರು ಅಳಿಸಬಾರದು.

ಸರದಿ ಸುಶೀಲಾಗೆ ಬಂತು. ಅವಳು ‘ಏನೂ ಇಲ್ಲ’ ಎಂದಳು. ಎಲ್ಲ ಹೆಂಗಸರೂ ‘ಆಮೆನ್’ ಎಂದರು.

ನಾನು ಸುವಾರ್ತಮ್ಮನ ಮುಖ ನೋಡಿದೆ. ‘ಇಲ್ಲಿ ಹಾಗೇ ಅಕ್ಕಾ,’ ಎಂದಳು ತೆಲುಗಿನಲ್ಲಿ. ‘ಇದ್ದವರು ಇದೆ ಅಂತಾರೆ. ಇಲ್ಲದವರು ಇಲ್ಲ ಅಂತಾರೆ. ಇಲ್ಲ ಅಂದರೂ ಆಮೆನ್ನೇ. ಸುಶೀಲಮ್ಮ ವರ್ಷಾನುಗಟ್ಟಲೆ ಇಲ್ಲ ಅಂತಾಳೆ, ಆದರೂ ಲಕ್ವ ಹೊಡೆಯುವ ತನಕ ಒಂದು ಶುಕ್ರವಾರ ತಪ್ಪಿಸಿದವಳಲ್ಲ.’

ನಮ್ಮ ಚರ್ಚಿನಲ್ಲಿ ಐವತ್ತು ವರ್ಷ ಕುಂತಿದ್ದೇನೆ. ಇಲ್ಲ ಎಂದವರನ್ನು ಒಬ್ಬರನ್ನೂ ನೋಡಿಲ್ಲ. ಇಲ್ಲದವರು ಏನು ಮಾಡುತ್ತಿದ್ದರು? ನನ್ನ ಹಾಗೆ ಇನ್ನೊಬ್ಬರ ಮನೆಯದು ತಂದು ಹೇಳುತ್ತಿದ್ದರು.

‘ಮೀರು ಚೆಪ್ಪಂಡಿ ಅಕ್ಕಾ,’ ನೀವು ಹೇಳಿರಿ ಎಂದಳು ಸುವಾರ್ತಮ್ಮ.

ನಾನು ಎದ್ದು ನಿಲ್ಲುವುದಿಲ್ಲ ಎಂದೆ. ಸಾಕ್ಷಿ ಹೇಳಿ ಕೆಟ್ಟವಳು ನಾನು, ಮತ್ತೆ ನಿಲ್ಲುವುದಿಲ್ಲ ಎಂದೆ. ಆಗ ಹಿಂದಿನಿಂದ ಸುಶೀಲಾ ತೊದಲಿದಳು.

‘ನಿಂದುರು. ನನ್ನ ಮುಂದ ಹೇಳು. ಅವತ್ತ ಹ್ಯಾಂಗ ಹೇಳಿದಿ, ಹಾಂಗ ಹೇಳು.’

ನಿಂತೆ. ತೆಲುಗು, ಉರ್ದು, ನಮ್ಮ ಮಾತು ಎಲ್ಲ ಕಲಸಿ ಹೇಳಿದೆ. ನನ್ನ ಗೆಳತಿ ನನ್ನನ್ನು ನಂಬಿ ಒಂದು ಮಾತು ಕೊಟ್ಟಳು, ಅದನ್ನು ಸ್ತೋತ್ರ ಎಂದು ಹೆಸರಿಟ್ಟು ಊರಿಗೆ ಹಂಚಿದೆ, ಅವಳ ಮಗಳು ಹೋದಳು, ಇವಳೂ ಹೋದಳು. ನಾನು ದೊಡ್ಡವಳಾಗಬೇಕೆಂದು ಹೇಳಿದೆ, ಬೇರೆ ಕಾರಣ ಇಲ್ಲ ಎಂದೆ. ಅರ್ಧ ಮಂದಿಗೆ ತಿಳಿಯಲಿಲ್ಲ. ತಿಳಿಯದವರು ವಾಡಿಕೆಯಂತೆ ‘ಸ್ತೋತ್ರಂ, ಸ್ತೋತ್ರಂ’ ಎಂದರು. ನನ್ನ ಪಾಪಕ್ಕೂ ಸ್ತೋತ್ರ ಬಂತು. ಯಾರಿಗೋ ಫೋನ್ ಬಂತು, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ತಿರುಗಿ ಬರುವಾಗ ಕಾರಿನಲ್ಲಿ ಸುಶೀಲಾ ಕಿಟಕಿ ಕಡೆ ನೋಡುತ್ತ, ‘ಕೇಳಿದೆ,’ ಎಂದಳು. ಮುಂದೆ ಏನಾದರೂ ಅನ್ನುತ್ತಾಳೆ ಎಂದು ಮನೆ ಬರುವ ತನಕ ಕಾದೆ. ಅಷ್ಟೇ ಇತ್ತು.

ಹೊರಡುವ ಮುಂಚಿನ ದಿನಗಳು

ಡಾಕ್ಟರು ವಿಮಾನಕ್ಕೆ ಅಡ್ಡಿಯಿಲ್ಲ ಎಂದು ಕಾಗದ ಕೊಟ್ಟರು. ಸಾಲಿಂ ಎರಡು ಟಿಕೆಟಿಗೂ ದಿನ ಗೊತ್ತು ಮಾಡಿದ. ಅದನ್ನು ಕೇಳಿದ ಮಾಮಾ ಕಬೀರ ಅಂದಿನಿಂದ ಊಟಕ್ಕೆ ಬರಲಿಲ್ಲ. ಎರಡನೇ ದಿನವೂ ಬರಲಿಲ್ಲ. ಮೂರನೇ ದಿನ ಹಿಂದಿನ ಖೋಲಿಗೆ ಬಂದು, ಸುಶೀಲಾನ ಕಾಲು ಹಿಡಿದುಕೊಂಡು, ನನ್ನ ಕಡೆ ಆ ಅರ್ಧ ಕುರುಡು ಕಣ್ಣು ಎತ್ತಿದಳು.

‘ಇಸ್ಕೋ ಮತ್ ಲೇ ಜಾ,’ ಎಂದಳು. ಒಯ್ಯಬೇಡ.

ನಾನು ಸುಶೀಲಾನ ಕಡೆ ನೋಡಿದೆ. ‘ನೀನೇ ಹೇಳು,’ ಎಂದೆ.

‘ಹೇಳೀನಲ್ಲ ಮೊದಲನೇ ದಿನಾನೇ. ನಿನಗ ಕೇಳಸಂಗಿಲ್ಲ.’

‘ಈ ಮುದುಕಿ ಸತ್ತ್ರ ನಿನ್ನ ಯಾರ್ ಇಟಗೋತಾರ? ಅವಾಗ ಏನ್ ಮಾಡ್ತಿ?’

‘ಅಲ್ಲಿ ಬಂದ್ರ ನೀ ಸತ್ತ ಮ್ಯಾಲ ಏನ್ ಮಾಡ್ಲಿ?’

ಬಾಗಿಲಲ್ಲಿ ನಿಂತಿದ್ದ ಸಾಲಿಮನಿಗೆ ಅದನ್ನೇ ಉರ್ದುವಿನಲ್ಲಿ ಹೇಳಿದೆ. ಅವನು ತಾಯಿಯನ್ನು ನೋಡಿದ, ಸುಶೀಲಾನ್ನ ನೋಡಿದ, ಒಂದು ಟಿಕೆಟು ರದ್ದು ಮಾಡಿದ. ಸದ್ಯಕ್ಕೆ ಇರಲಿ ಎಂದ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ.

ಅಂದು ಮಧ್ಯಾಹ್ನ ಮಾಮಾ ಕಬೀರ ಉಂಡಳು. ನಾನು ಉಣ್ಣಲಿಲ್ಲ. ಸಂಘದವರು ಕೇಳಿದರೆ ಏನು ಹೇಳಲಿ ಎಂಬ ಚಿಂತೆ ಅಲ್ಲ ಅದು. ಮುರಿದವಳೇ ಕಟ್ಟಿಕೊಡಬಹುದು ಎಂದು ಒಂದು ಆಸೆ ಹಿಡಿದು ಸಮುದ್ರ ದಾಟಿದ್ದೆ. ಕಟ್ಟುವುದಕ್ಕೆ ನಾನು ಬೇಕಾಗಿಯೇ ಇರಲಿಲ್ಲ. ಅವಳು ತನ್ನ ಮುರಿದದ್ದನ್ನು ಬೇರೆಯವರ ಮನೆಯಲ್ಲಿ ಹೇಗೋ ಒಂದು ಕಡೆ ಇಟ್ಟುಕೊಂಡಿದ್ದಳು. ನನ್ನದು ಇಡಲಿಕ್ಕೆ ನನಗೆ ಜಾಗ ಇಲ್ಲ.

ಕಡೆಯ ಬೆಳಿಗ್ಗೆ

ಚೀಲ ಹಗುರಾಗಿತ್ತು, ರೊಟ್ಟಿ ಎಲ್ಲ ಅಲ್ಲೇ ಬಿಟ್ಟಿದ್ದೆ. ಏರ್‌ಪೋರ್ಟಿಗೆ ಒಯ್ಯಲು ಗಾಡಿ ಬಂದು ನಿಂತಿತ್ತು. ನಾನು ಹಿಂದಿನ ಖೋಲಿಗೆ ಹೋದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೋಗಿತ್ತು. ನೆಟ್ಟಗೆ ಕೇಳಿದೆ.

‘ಸುಶೀ, ಮಾಫ್ ಮಾಡಿದಿ ಏನು?’

ಅವಳು ಭಾಳ ಹೊತ್ತು ಯೋಚನೆ ಮಾಡಲಿಲ್ಲ.

‘ಇಲ್ಲ,’ ಎಂದಳು.

ನಾನು ಗೋಣು ಹಾಕಿದೆ. ಸುಳ್ಳು ಹೇಳಿದ್ದರೆ ನನಗೆ ತಿಳಿಯುತ್ತಿತ್ತು. ಹನ್ನೆರಡು ವರ್ಷ ಒಂದೇ ಕಲ್ಲಿನ ಕೆಳಗೆ ನಡೆದವರು. ಎದ್ದು ಚೀಲ ಹೆಗಲಿಗೆ ಹಾಕಿದೆ. ಪ್ರಾರ್ಥನೆ ಮಾಡಿ ಹೋಗು ಎಂದಾದರೂ ಅನ್ನುತ್ತಾಳೆ ಎಂದು ಬಾಗಿಲಲ್ಲಿ ನಿಂತೆ. ಅನ್ನಲಿಲ್ಲ. ಕಪಾಟಿನ ಮೇಲಿನ ಎಣ್ಣೆ ಶೀಸೆಯ ಕಡೆ ಗದ್ದ ಎತ್ತಿದಳು.

‘ತಲಿ ಕೆರೀಲಿಕತ್ತದ,’ ಎಂದಳು. ‘ಇವರಿಗಿ ಜಡಿ ಹಾಕ್ಲಿಕ್ಕ ಬರಂಗಿಲ್ಲ.’

ಚೀಲ ಕೆಳಗಿಟ್ಟೆ. ಮಂಚದ ಮೇಲೆ ಹತ್ತಿ ಗೋಡೆಗೆ ಬೆನ್ನು ಕೊಟ್ಟು ಕುಂತೆ, ಅವಳನ್ನು ಎಬ್ಬಿಸಿ ನನ್ನ ಎದೆಗೆ ಒರಗಿಸಿಕೊಂಡೆ. ಎಂಟು ತಿಂಗಳು ಯಾರೋ ಮೇಲೆ ಮೇಲೆ ಬಾಚಿದ ಕೂದಲು, ಒಳಗೆಲ್ಲ ಗಂಟು. ಬೆರಳಿನಿಂದ ಬಿಡಿಸಿದೆ. ಕುತ್ತಿಗೆಗೆ ಬಲ ಇಲ್ಲದ್ದರಿಂದ ತಲೆಯ ಭಾರವೆಲ್ಲ ನನ್ನ ಎಡಗೈ ಮೇಲೆ ಬಿಟ್ಟಿದ್ದಳು. ನೋವಾಗುತ್ತದೇನು ಎಂದರೆ ಆಗುತ್ತದೆ ಎಂದಳು, ಬಿಡು ಅನ್ನಲಿಲ್ಲ. ಮಲಗಿದವರಿಗೆ ಹಿಂದೆ ತುರುಬು ಕಟ್ಟಿದರೆ ಒತ್ತುತ್ತದೆ. ಎರಡು ಜಡೆ ಹಾಕಿ ಎರಡು ಕಡೆ ಮುಂದೆ ಬಿಡಬೇಕು.

ಹೊರಗೆ ಗಾಡಿಯವ ಹಾರ್ನ್ ಹೊಡೆದ. ಒಂದು ಜಡೆ ಆಗಿತ್ತು.

‘ಹೊಡಕೋಲಿ,’ ಎಂದಳು ಸುಶೀಲಾ.

ನಾನು ಇನ್ನೊಂದು ಕಡೆಯ ಕೂದಲು ಮೂರು ಪಾಲು ಮಾಡಿದೆ.